ಸಂಡಿಗೆ ತುಳಿಯದ ದೇವರು

ಹೊಟ್ಟೆಯನ್ನು ಮುಂದಿಟ್ಟುಕೊಂಡು ನಡೆಯಬೇಕು ಎಂದಿದ್ದಳು ಫಹ್ಮಿದಾ. ಮಿಕ್ಕ ಮೈಯೆಲ್ಲ ಹಿಂದಿನಿಂದ ಬರಲಿ, ಹೊಟ್ಟೆ ಮೊದಲು ಹೊಸ್ತಿಲು ದಾಟಲಿ, ಆಮೇಲೆ ನಿಮ್ಮ ದನಿ ಎಲ್ಲಿಂದ ಏಳುತ್ತದೆ ನೋಡಿ ಎಂದು. ಹಂಸ ಶುಕ್ರವಾರ ಬೆಳಗ್ಗೆ ಒಂಬತ್ತರ ಬಿಸಿಲಿನಲ್ಲಿ, ಹೊರಮಾವಿನ ಮನೆಯ ಟೆರೇಸಿನ ಮೇಲೆ, ತಲೆಗೆ ನೀರು ಹಾಕಿಕೊಂಡು ಬಂದ ಕೂದಲನ್ನು ಬೆನ್ನ ತುಂಬ ಹರಡಿಕೊಂಡು ಅದನ್ನೇ ಮಾಡುತ್ತಿದ್ದಳು. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ, ತಂತಿಯಿಂದ ಮತ್ತೆ ಟ್ಯಾಂಕಿನವರೆಗೆ. ನಡುವೆ ಅತ್ತೆ ಹಳೇ ಪಂಚೆ ಹಾಸಿ ಸಾಲುಸಾಲಾಗಿ ಇಟ್ಟಿದ್ದ ಅಕ್ಕಿ ಸಂಡಿಗೆ. ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಿಂದ ಯಾರಾದರೂ ನೋಡಿದರೆ ನೋಡಿಕೊಳ್ಳಲಿ ಎಂದು ಧೈರ್ಯವಾಗಿ ಅಂದುಕೊಂಡಳು, ಮರುಗಳಿಗೆಗೇ ನೈಟಿಯ ಮೇಲೆ ಟವೆಲು ಎಳೆದುಕೊಂಡಳು. ಧೈರ್ಯ ಅವಳಲ್ಲಿ ಅಷ್ಟೇ ಹೊತ್ತು ನಿಲ್ಲುವ ನೆಂಟ. ಆದರೆ ಇವತ್ತು ಅದನ್ನು ಸಂಜೆಯವರೆಗೆ ಹಿಡಿದಿಡಬೇಕಿತ್ತು. ಐದೂವರೆಗೆ ಹಲಸೂರಿನಲ್ಲಿ ಅವಳ ನಾಟಕದ ಕ್ಲಾಸಿನವರ ಮೊದಲ ಪ್ರದರ್ಶನ. ಬರೆದಿಟ್ಟ ಮಾತಿಲ್ಲ, ಉರು ಹೊಡೆದ ಪಾರ್ಟಿಲ್ಲ. ನಿಂತ ಕಾಲಲ್ಲಿ ಹುಟ್ಟಿಸಿಕೊಂಡು ಆಡುವ ನಾಟಕ. ಬೆಳಗ್ಗೆ ಎದ್ದಾಗಿನಿಂದ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು, ಆದರೂ ಅದು ಹೆದರಿಕೆಯ ಕುಟ್ಟಾಣಿಯಲ್ಲ. ಹತ್ತು ವರ್ಷದ ಹುಡುಗಿಗೆ ನಾಳೆ ಸ್ಕೂಲ್ ಟ್ರಿಪ್ ಎಂದರೆ ಆಗುವಂಥದ್ದು ಮೂವತ್ತಾರು ವರ್ಷದ ಹೆಂಗಸಿಗೆ ಆಗುತ್ತಿತ್ತು. ನಾಚಿಕೆಗೇಡು ಅಂತಲೂ ಅನಿಸುತ್ತಿತ್ತು, ಬಿಡಲೂ ಮನಸ್ಸಿರಲಿಲ್ಲ.

ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳು ಇಂದಿರಾನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಫೋನು ಎತ್ತುವವಳು, ಶುಕ್ರವಾರ ಸಂಜೆಗಳಲ್ಲಿ ಕ್ಲಿನಿಕ್ಕಿನವರೇ ಕಂಪ್ಯೂಟರ್ ಕ್ಲಾಸಿಗೆ ಕಳಿಸುತ್ತಾರೆ ಎಂದು ಗಂಡ ಕೆಂಪರಾಜ್ ನಂಬಿದ್ದ. ನೆನ್ನೆ ರಾತ್ರಿ ಊಟದ ಹೊತ್ತಿಗೆ ಮಾವ ಮುನಿಆಂಜನಪ್ಪನವರು, ನಾಳೆ ಸಂಜೆ ಮಗಳು ರಮ್ಯ ತನ್ನ ಅತ್ತೆ ಮಾವನ ಜೊತೆ ಊಟಕ್ಕೆ ಬರುತ್ತಾಳೆ ಎಂದು ಹೇಳಿ ಕೈತೊಳೆಯಲು ಎದ್ದುಬಿಟ್ಟರು. ಹಂಸ ಬೇಗ ಬಂದು ಅಡಿಗೆ ನೋಡ್ಕೋತಾಳೆ ಎಂದ ಕೆಂಪರಾಜ್. ಹಂಸ ತಲೆ ಆಡಿಸಿದಳು. ಹೂಂ ಎನ್ನುವುದಕ್ಕೆ ಅವಳ ಕತ್ತಿಗೆ ಅವಳ ಅಪ್ಪಣೆಯೇ ಬೇಕಿರಲಿಲ್ಲ. ರಾತ್ರಿಯಿಡೀ ಮಗ್ಗುಲು ಬದಲಿಸುತ್ತ, ಹೊಟ್ಟೆನೋವು ಅನ್ನಲೇ, ಕ್ಲಿನಿಕ್ಕಿನಲ್ಲಿ ಯಾರೋ ಡಾಕ್ಟರು ಬರುತ್ತಾರೆ ಅನ್ನಲೇ ಎಂದು ಸುಳ್ಳುಗಳನ್ನು ಒಂದೊಂದಾಗಿ ಮೈಗೆ ಹಿಡಿದು ನೋಡಿದಳು. ಯಾವುದೂ ಅಳತೆಗೆ ಸರಿಬರಲಿಲ್ಲ.

ಹೋದರೂ ಹೋಗಿ ಏನು ಮಾಡುತ್ತೀಯೇ ಎಂದು ತನ್ನನ್ನೇ ಕೇಳಿಕೊಂಡಳು, ಟ್ಯಾಂಕಿನ ಹತ್ತಿರ ತಿರುಗುತ್ತ. ಕಳೆದ ವಾರ ಆದದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಒಬ್ಬೊಬ್ಬರಾಗಿ ಬಾಗಿಲಿನಿಂದ ಒಳಗೆ ಬರಬೇಕು, ಮಿಕ್ಕವರು ಮೂರು ಪ್ರಶ್ನೆ ಕೇಳುತ್ತಾರೆ. ಯಾರು ನೀನು, ಯಾಕೆ ಬಂದೆ, ಏನು ಬೇಕು. ಬಾಯಿಗೆ ಮೊದಲು ಬಂದದ್ದನ್ನೇ ಹೇಳಬೇಕು. ಎದುರಿನವರು ಏನು ಕೊಟ್ಟರೂ ಇಲ್ಲ ಎನ್ನಬಾರದು, ತೆಗೆದುಕೊಂಡು ಮುಂದಕ್ಕೆ ಬೆಳೆಸಬೇಕು. ಬೇಕಾದದ್ದನ್ನು ಮೂರು ಸಲ ಕೇಳಬೇಕು, ಕಾರಣ ಕೊಡಬಾರದು. ಜೀವನ್ ಬಿಮಾ ನಗರದ ಸುದರ್ಶನ್ ಅವರು, ವಿಮೆ ಆಫೀಸಿನಲ್ಲಿ ಮೂವತ್ತೈದು ವರ್ಷ ಅರ್ಜಿಗಳನ್ನು ವಾಪಸು ಕಳಿಸಿ ರಿಟೈರಾದ ಮನುಷ್ಯ, ಎದೆ ಉಬ್ಬಿಸಿ ಒಳಗೆ ಬಂದು, ತಾನು ಐದು ವರ್ಷದ ಪುಟ್ಟ, ಹಲಸೂರು ಕೆರೆ ತನ್ನ ಸ್ನಾನದ ತೊಟ್ಟಿ, ಎಲ್ಲರೂ ಈಗಿಂದೀಗ ಹೊರಗೆ ಹೋಗಬೇಕು ಎಂದರು. ನಕ್ಕೂ ನಕ್ಕೂ ಎಲ್ಲರ ಪಕ್ಕೆ ನೋವು ಬಂತು. ಆಮೇಲೆ ಹಂಸ. ಬಾಗಿಲಲ್ಲಿ ನಿಂತಳು, ಯಾರೂ ಏನೂ ಕೇಳುವ ಮೊದಲೇ ಸಾರಿ ಒಂದ್ನಿಮಿಷ ಎಂದಳು. ಅಲ್ಲಿಗೆ ಮುಗಿಯಿತು. ಪಾತ್ರ ಹುಟ್ಟುವ ಮೊದಲೇ ಕ್ಷಮೆ ಕೇಳಿ ಹೊರಟುಹೋಯಿತು. ಆಗಲೂ ನಕ್ಕರು, ಕೆಟ್ಟ ನಗುವಲ್ಲ, ಆದರೂ ಅವಳಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಫಹ್ಮಿದಾ ಹತ್ತಿರ ಬಂದು, "ಹಂಸಕ್ಕಾ, ನಿಮ್ಮನೆ ಬಾಗ್ಲು ನೀವೇ ತಟ್ಟಿ ಒಳಗೆ ಬರ್ತೀರಲ್ಲ, ಹಂಗಿದೆ ನೋಡಿ," ಎಂದಿದ್ದಳು ಮೆಲ್ಲಗೆ.

ಕ್ಲಾಸು ನಡೆಸುವ ಈ ಫಹ್ಮಿದಾ ಶಿವಾಜಿನಗರದವಳು. ಬೇಸಿಗೆ ಶುರುವಾಗುವ ಮೊದಲು ಹಲ್ಲಿನ ಬೇರು ತೆಗೆಸಿಕೊಳ್ಳಲು ಕ್ಲಿನಿಕ್ಕಿಗೆ ಬಂದಳು. ಅರ್ಧ ದವಡೆ ಮರಗಟ್ಟಿದ್ದರೂ ಸುಮ್ಮನಿರದೆ, ತನ್ನ ಹಲ್ಲನ್ನು ಮನೆ ಖಾಲಿ ಮಾಡಲೊಲ್ಲದ ಬಾಡಿಗೆದಾರ ಮಾಡಿ, ತಾನು ಓನರಾಗಿ, ಇಬ್ಬರ ಜಗಳವನ್ನೂ ಒಂದೇ ಸೊಟ್ಟ ಬಾಯಲ್ಲಿ ಆಡಿ ತೋರಿಸಿದಳು. ಕಾಯುತ್ತ ಕೂತಿದ್ದವರೆಲ್ಲ ತಮ್ಮ ನೋವು ಮರೆತು ನಕ್ಕರು. ಹಂಸ ಫೋನು ಹಿಡಿದುಕೊಂಡೇ ನಕ್ಕಳು, ಆ ಕಡೆಯವರು ಹಲೋ ಹಲೋ ಅನ್ನುತ್ತಲೇ ಇದ್ದರು. ಮುಂದಿನ ಶುಕ್ರವಾರವೇ ಅವಳ ಕ್ಲಾಸು ಸೇರಿದಳು. ಸಾರಿ ಮೇಡಂ, ಡಾಕ್ಟರು ಬ್ಯುಸಿ ಇದಾರೆ, ಸಾರಿ ಸರ್, ಇವತ್ತು ಆಗಲ್ಲ, ಸಾರಿ. ಹನ್ನೊಂದು ವರ್ಷ ಫೋನಿನಲ್ಲಿ ಹಂಸನದ್ದು ಅದೇ ಮಾತು. ಆದರೆ ಪಾಪ, ಕ್ಲಿನಿಕ್ಕನ್ನು ದೂರಿ ಏನು ಪ್ರಯೋಜನ, ಅವಳು ಅದಕ್ಕೂ ಮೊದಲೇ ಹೀಗಾಗಿದ್ದಳು. ಹೀಗಾದದ್ದು ಯಾವಾಗ ಎಂದು ಅವಳಿಗೆ ದಿನ, ವಾರ ಸಮೇತ ಗೊತ್ತಿತ್ತು.

ಹದಿನಾಲ್ಕು ವರ್ಷದ ಹಿಂದಿನ ಒಂದು ಮಂಗಳವಾರ. ಕೆರೆಯ ಕೋಡಿಯ ಮೇಲಿರುವ ಈ ಮನೆತನದ ದೇವರು ಕೋಡಮ್ಮನ ಗುಡಿಯ ಅಂಗಳ. ಮುನಿಆಂಜನಪ್ಪನವರಿಗೆ ವರ್ತೂರು ಕಡೆಯ, ತೋಟ ತುಡಿಕೆ ಇದ್ದ ಹೆಣ್ಣನ್ನು ಮಗನಿಗೆ ತರುವ ಮನಸ್ಸು. ಬೈಯಪ್ಪನಹಳ್ಳಿಯ ರೈಲ್ವೆ ಗೇಟಿನ ಹತ್ತಿರ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದ ಹಂಸನನ್ನೂ ನೋಡಿ ಹೋಗಿದ್ದರು, ಮದುವೆ ಮಾಡಿಸುವ ಮಾನಮ್ಮನ ಮುಲಾಜಿಗೆ. ಎರಡೂ ಕಡೆಯವರನ್ನು ಪೂಜೆಗೆ ಕರೆದಿದ್ದರು. ಹಂಸ ತನ್ನ ಹೆತ್ತಮ್ಮನ ಹಿಂದೆ ಒಂದು ಮೂಲೆಯಲ್ಲಿ ನಿಂತಿದ್ದಳು. ಮಂಗಳಾರತಿಯ ಹೊತ್ತಿಗೆ ಈಗಿನ ಅತ್ತೆ ಮುನಿಶಾಮಮ್ಮನ ಮೈ ನಡುಗತೊಡಗಿತು, ತುರುಬು ಬಿಚ್ಚಿಹೋಯಿತು, ಅಮ್ಮ ಬಂದಳು ಎಂದು ಜನ ಹಿಂದೆ ಸರಿದರು. ಯಾವ ತಾಯಿ, ಯಾಕೆ ಬಂದೆ, ಏನು ಬೇಕು ಎಂದು ಪೂಜಾರಿ ಕೇಳಿದರು. ಆ ಮೂಲೇಲಿ ನಿಂತಿರೋ ಹುಡುಗೀನೇ ಬೇಕು ಎಂದಿತ್ತು ಆ ದನಿ. ಮುನಿಆಂಜನಪ್ಪ ಹೆಂಡತಿಯ ಮಾತಿಗೆ ಕಿವಿಗೊಟ್ಟವರಲ್ಲ, ಅಮ್ಮನ ಮಾತಿಗೆ ಅಡ್ಡಬಿದ್ದರು. ಅಲ್ಲಿಂದ ಮುಂದೆ ಮನೆಗೆ ಯಾರೇ ಬರಲಿ, ಇವಳು ಅಮ್ಮ ಕೇಳಿ ತಂದುಕೊಂಡ ಹುಡುಗಿ ಎಂದೇ ಹಂಸನ ಪರಿಚಯ. ದೇವರೇ ಆರಿಸಿದ ಮೇಲೆ ಸಾರು ಉಪ್ಪಾಗುವ ಹಾಗಿಲ್ಲ, ದನಿ ಏರುವ ಹಾಗಿಲ್ಲ, ಜೋರಾಗಿ ನಗುವ ಹಾಗಂತೂ ಇಲ್ಲವೇ ಇಲ್ಲ. ಗುಡಿಯಲ್ಲಿ ಕೂತವಳು ತನ್ನನ್ನೇ ನೋಡುತ್ತಿದ್ದಾಳೆ, ಇವಳನ್ನೇಕೆ ಕೇಳಿದೆನಪ್ಪಾ ಅಂದುಕೊಳ್ಳುತ್ತಿದ್ದಾಳೆ ಎಂಬ ಭಯದಲ್ಲಿ ಹಂಸ ಹದಿನಾಲ್ಕು ವರ್ಷ ತುದಿಗಾಲಲ್ಲಿ ನಡೆದಳು. ನಡೆದೂ ನಡೆದೂ ಅದೇ ಅವಳ ನಡಿಗೆಯಾಯಿತು.

ಥೂ, ಇವತ್ತಾದರೂ ಬಿಡು ಎಂದು ತನಗೇ ಹೇಳಿಕೊಂಡು ಟವೆಲು ಕಿತ್ತೆಸೆದಳು. ಹೊಟ್ಟೆ ಮುಂದಕ್ಕೆ ಬಿಟ್ಟಳು. ಕಾಲು ಅಗಲಿಸಿದಳು. ಪಾತ್ರಕ್ಕೊಂದು ಸದ್ದು ಹುಡುಕಿಕೊಳ್ಳಿ ಎಂದಿದ್ದಳು ಫಹ್ಮಿದಾ, ಹಾಗಾಗಿ ಹೂಂ ಎಂದು ಹೊಕ್ಕುಳಿಂದ ಒಂದು ಸದ್ದು ಎಬ್ಬಿಸಿದಳು. ಬಂತು. ಇನ್ನೂ ಜೋರಾಗಿ ಹೂಂಕರಿಸಿದಳು. ಹಸಿ ಕೂದಲು ಮುಖಕ್ಕೆ ಬಡಿಯಿತು, ಕೊಡವಿದಳು, ಕೊಡವಿದ್ದು ಎಷ್ಟು ಚೆನ್ನಾಗಿತ್ತೆಂದರೆ ಇನ್ನೆರಡು ಸಲ ಕೊಡವಿದಳು. ಅಂಗಾಲಿಗೆ ಬಿಸಿ ಸಿಮೆಂಟು, ಎದೆಯಲ್ಲಿ ಗಾಳಿ. ನನ್ನೊಳಗೆ ಇಷ್ಟು ದೊಡ್ಡ ಹೆಂಗಸು ಎಲ್ಲಿ ಕೂತಿದ್ದಳಪ್ಪಾ ಎಂದು ಖುಷಿಯಾಗಿ ತಿರುಗಿದರೆ ಮೆಟ್ಟಿಲ ಬಾಗಿಲಲ್ಲಿ ಅತ್ತೆ. ಸಂಡಿಗೆ ತಿರುವಿಹಾಕಲು ಬಂದ ಮುನಿಶಾಮಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು, ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡರು, ಕೈಮುಗಿದರು.

"ಯಾವ ತಾಯಿ ಬಂದಿದೀಯಮ್ಮ?"

ಶುಕ್ರವಾರ, ತಲೆಸ್ನಾನ, ಬಿಚ್ಚಿದ ಕೂದಲು, ಹೂಂಕಾರ. ಈ ಮನೆಯವರು ಬೇರೆ ಏನು ತಾನೇ ಅಂದುಕೊಂಡಾರು? ಅಯ್ಯೋ ಅತ್ತೆ, ಏನಿಲ್ಲ, ಎಕ್ಸರ್‌ಸೈಜು ಎನ್ನಬೇಕಿತ್ತು. ಸಾರಿ ಎಂಬ ಮಾತು ನಾಲಿಗೆಯ ತುದಿಯಲ್ಲಿ ಬಂದು ನಿಂತೂ ಇತ್ತು. ಆದರೆ ಆ ಪ್ರಶ್ನೆ. ಯಾರು ನೀನು. ಕ್ಲಾಸಿನ ಮೊದಲ ಪ್ರಶ್ನೆ, ಅದೇ ಸಾಲಿನಲ್ಲಿ, ಅದೇ ಕಾಯುವ ಕಣ್ಣುಗಳಲ್ಲಿ. ಎದುರಿನವರು ಕೊಟ್ಟದ್ದನ್ನು ಇಲ್ಲ ಎನ್ನಬಾರದು. ಹಂಸ ಅಲ್ಲವೆನ್ನಲು ಬಾಯಿ ತೆರೆದಳು, ಆದರೆ ಹೊಟ್ಟೆ ಅವಳಿಗಿಂತ ಮುಂದಿತ್ತು.

"ಕೋಡಿ ಮೇಲಿಂದ ಬಂದೆ," ಎಂದಿತು ದನಿ. ಅದು ಅಷ್ಟು ದಪ್ಪವಾಗಿತ್ತೆಂದರೆ ಹಂಸನೇ ಒಂದು ಗಳಿಗೆ ಬೆಚ್ಚಿದಳು.

ಯಾಕೆ ಬಂದೆ ತಾಯಿ, ನಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಅತ್ತೆ ಕೇಳಿದರು. ನಿಂತು ನಿಂತು ಕಾಲು ನೋಯ್ತು ಎಂದಳು ಹಂಸ, ಎಲ್ಲಿಂದ ಬಂತೋ ಆ ಮಾತು, ಹೇಳಿದ ಮೇಲೆ ಕಾಲು ನಿಜವಾಗಿಯೂ ನೋಯತೊಡಗಿತು. ಏನು ಬೇಕು ತಾಯಿ? ಇದು ಮೂರನೆಯದು. ಇಲ್ಲಿಯವರೆಗೆ ಅವಳು ಯಾವ ವಾರವೂ ಬಂದಿರಲಿಲ್ಲ. "ಸಂಜೆ ಇವಳ್ನ ಕಳ್ಸು," ಎಂದಳು. "ಸಂಜೆ ಇವಳ್ನ ಹಲಸೂರಿಗೆ ಕಳ್ಸು. ಕಳ್ಸು ಅಂದ್ರೆ ಕಳ್ಸು." ಮೂರು ಸಲ, ಕಾರಣ ಕೊಡದೆ. ಆಹಾ, ಏನು ಸುಖ! ಬಾಯಿ ತೆರೆದರೆ ಸಾಕು, ಬೇಕಾದದ್ದು ತಾನಾಗಿ ಹೊರಗೆ ಬಂದು ನಿಲ್ಲುತ್ತಿತ್ತು. ಇನ್ನು ನಿಲ್ಲಿಸುವುದು ಹೇಗೆಂದು ತಿಳಿಯದೆ, ಅಮ್ಮ ಬಂದವರು ಕೊನೆಗೆ ದಬಕ್ಕನೆ ಬೀಳುವುದನ್ನು ನೋಡಿದ್ದರಿಂದ, ಬೀಳಲು ನೆರಳಿರುವ ಜಾಗ ಹುಡುಕುತ್ತ ಟ್ಯಾಂಕಿನ ಕಡೆ ಹೂಂಕರಿಸಿಕೊಂಡು ಹೊರಟಳು. ದಾರಿಯಲ್ಲಿ ಸಂಡಿಗೆ ಇತ್ತು. ನೈಟಿಯನ್ನು ಎರಡು ಬೆರಳಲ್ಲಿ ಮೇಲೆತ್ತಿ, ಪಂಚೆಯ ಅಂಚಿನ ಸುತ್ತ ಒಂದೊಂದೇ ಹೆಜ್ಜೆ ಇಟ್ಟು ದಾಟಿ, ಟ್ಯಾಂಕಿನ ನೆರಳಲ್ಲಿ ಬಿದ್ದಳು. ಕಣ್ಣ ಸಂದಿಯಿಂದ ನೋಡಿದರೆ ಮುನಿಶಾಮಮ್ಮ ಅವಳ ಪಾದಗಳನ್ನೇ ನೋಡುತ್ತಿದ್ದರು. ನಮಸ್ಕಾರ ಮಾಡಲು ನೋಡುತ್ತಿದ್ದಾರೆ ಎಂದುಕೊಂಡು ಹಂಸ ನಾಚಿಕೆಯಿಂದ ಕಾಲು ಮಡಚಿಕೊಂಡಳು.

ಆಮೇಲಿನದನ್ನು ಏನು ಹೇಳಲಿ. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಅಮ್ಮ ಬಂದು ಹೋದವಳ ಕೈಯಲ್ಲಿ ಆ ದಿನ ಕೆಲಸ ಮಾಡಿಸಬಾರದು, ಹೆಸರು ಹಿಡಿದು ಕೂಗಬಾರದು, ಸಂಜೆ ದೀಪ ಹಚ್ಚುವವರೆಗೆ ಒಬ್ಬಳನ್ನೇ ಎಲ್ಲಿಗೂ ಬಿಡಬಾರದು. ಕ್ಲಿನಿಕ್ಕಿಗೆ ರಜೆ ಹೇಳಿದ್ದಾಯಿತು. ಮುನಿಆಂಜನಪ್ಪನವರು ಪೇಪರು ಮಡಚಿಟ್ಟು ಕುರ್ಚಿಯಿಂದ ಎದ್ದು ನಿಂತರು. ಸೊಸೆ ಬಂದಳೆಂದು ಆ ಕುರ್ಚಿ ಖಾಲಿಯಾದದ್ದು ಅದೇ ಮೊದಲು. ರಮ್ಯನ ಅತ್ತೆ ಮಾವ ಬರೋದು ಏನ್ಮಾಡೋಣ ಎಂದು ಕೆಂಪರಾಜ್ ಗೊಣಗಿದ. ಹೋಟೆಲಿಂದ ತರಿಸಿಕೊಳ್ಳಿ, ತಾಯಿಗೆ ಮಾತು ಕೊಟ್ಟಾಗಿದೆ, ಸಂಜೆ ನಾನೇ ಇವಳನ್ನು ಕರೆದುಕೊಂಡು ಹೋಗಿ ಬರುತ್ತೇನೆ ಎಂದು ಅತ್ತೆ ಹೇಳಿದರು. ಒಬ್ಬಳನ್ನೇ ಬಿಡಬಾರದು ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ದೇವರಾಗಲು ಹೋದವಳು ದೇವರ ಕಟ್ಟಳೆ ನೆನಪಿಟ್ಟುಕೊಳ್ಳಬೇಡವೇ? ಮಧ್ಯಾಹ್ನ ದೇವರ ಕೋಣೆಯ ಮುಂದೆ ಬಾಳೆಲೆ ಹಾಕಿ, ಬೆಲ್ಲದ ಹೆಸರುಬೇಳೆ ಬಡಿಸಿ, ಅತ್ತೆ ಎದುರಿಗೆ ಕೂತು ಬೀಸಣಿಗೆಯಿಂದ ಗಾಳಿ ಹಾಕಿದರು. ಅರವತ್ತೆಂಟು ವರ್ಷದ ಮುದುಕಿ, ಕೀಲುನೋವಿನ ಕೈ. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡೇ ಎಲೆ ಖಾಲಿ ಮಾಡಿದಳು. ಹೇಳಿದರೆ ಸಂಜೆ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಅತ್ತೆಯ ಕಣ್ಣಲ್ಲಿ ಅವಳು ಅಮ್ಮನ ಹೆಸರಲ್ಲಿ ಆಟವಾಡಿದವಳು, ಅಮ್ಮ ಕೇಳಿ ತಂದ ಹುಡುಗಿಯ ಹದಿನಾಲ್ಕು ವರ್ಷದ ಮರ್ಯಾದೆ ಒಂದೇ ಮಾತಿಗೆ ನೀರುಪಾಲು. ಕೈತೊಳೆಯಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಬರುತ್ತದೆ ಅಂದುಕೊಂಡಿದ್ದಳು. ಕನ್ನಡಿಯಲ್ಲಿ ಹಣೆಯ ತುಂಬ ಕುಂಕುಮ ಹೊತ್ತ ತನ್ನ ಮುಖ ನೋಡಿದ್ದೇ, ಕಳ್ಸು ಅಂದ್ರೆ ಕಳ್ಸು ಎಂಬ ಆ ದನಿ ಮತ್ತೆ ಕಿವಿಯಲ್ಲಿ ಮೊಳಗಿ, ನಗು ಉಕ್ಕಿ ಬಂದು, ಟವೆಲನ್ನು ಬಾಯಿಗೆ ತುರುಕಿಕೊಂಡು ಮೈ ಕುಲುಕಿ ಕುಲುಕಿ ನಕ್ಕಳು. ಪಾಪಿ, ನಗ್ತೀಯಲ್ಲೇ ಎಂದು ಬೈದುಕೊಂಡು ಮತ್ತೆ ನಕ್ಕಳು.

ನಾಲ್ಕು ಗಂಟೆಗೆ ಆಟೋದಲ್ಲಿ ಬೈಯಪ್ಪನಹಳ್ಳಿಗೆ ಬಂದು ಮೆಟ್ರೋ ಹತ್ತಿದರು. ಎಸ್ಕಲೇಟರಿನ ಮುಂದೆ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಹಳ್ಳ ದಾಟುವವರ ಹಾಗೆ ಹಾರಿ ನಿಂತು, ಅದು ತಾನಾಗಿ ಮೇಲಕ್ಕೆ ಒಯ್ದಾಗ ಹಿಹ್ಹಿ ಎಂದರು. ಹಂಸ ತಿರುಗಿ ನೋಡಿದಾಗ ಮುಖ ಗಂಭೀರವಾಗಿತ್ತು. ಬ್ಯಾಗು ಹೊರಲು ಬಿಡಲಿಲ್ಲ, ಸೀಟು ಸಿಕ್ಕಾಗ ಅವಳನ್ನೇ ಮೊದಲು ಕೂರಿಸಿದರು. ರೈಲು ಹೊರಟಾಗ ಕಿಟಕಿಯಲ್ಲಿ ಹಳೆಯ ಬೈಯಪ್ಪನಹಳ್ಳಿಯ ಸೂರುಗಳು ಸರಿದವು. ಅಲ್ಲೆಲ್ಲೋ ಆ ಒಂದು ಕೋಣೆಯ ಮನೆ, ಅದರ ಹಿತ್ತಿಲು. ಹೆಣ್ಣು ನೋಡಲು ಬಂದ ದಿನ, ಒಳಗೆ ದೊಡ್ಡವರು ಕಾಫಿ ಕುಡಿಯುತ್ತಿದ್ದಾಗ, ಮಾನಮ್ಮ ಎಲೆಅಡಿಕೆ ಉಗಿಯಲು ಹಿತ್ತಿಲಿಗೆ ಬಂದಿದ್ದಳು. ಅವಳ ಹಿಂದೆಯೇ ಇಪ್ಪತ್ತೆರಡು ವರ್ಷದ ಹಂಸ, ಅವಳ ಹಾಗೆಯೇ ಹೊಟ್ಟೆ ಮುಂದೆ ಬಿಟ್ಟುಕೊಂಡು, ಇಲ್ಲದ ಎಲೆಅಡಿಕೆ ಜಗಿಯುತ್ತ, ಸೊಂಟದ ಮೇಲೆ ಕೈಯಿಟ್ಟು ನಡೆದಿದ್ದಳು. ಕೇರಿಯಲ್ಲಿ ಯಾರ ನಡಿಗೆಯನ್ನಾದರೂ ಒಂದು ಸಲ ನೋಡಿದರೆ ಸಾಕು, ಅದು ಅವಳ ಕಾಲಿಗೆ ಬಂದುಬಿಡುತ್ತಿತ್ತು. ಹೆತ್ತಮ್ಮ ಬಾಗಿಲಿಂದಲೇ ಕಣ್ಣು ಕೆಂಪು ಮಾಡಿದ್ದಳು. ಪುಣ್ಯಕ್ಕೆ ಬೇರೆ ಯಾರೂ ನೋಡಲಿಲ್ಲ. ಅದೇ ಕೊನೆ. ಆಮೇಲೆ ಅಂಥ ಹುಡುಗಿಯೊಬ್ಬಳು ಇದ್ದಳೆಂಬುದೇ ಮರೆತಿತ್ತು. ಫಹ್ಮಿದಾ ಹೊಟ್ಟೆ ಮುಂದಿಟ್ಟು ನಡೆಯಿರಿ ಎಂದಾಗಲೂ ಅದು ಹೊಸ ವಿದ್ಯೆ ಎಂದೇ ತಿಳಿದಿದ್ದಳು. ಎಂಥ ದಡ್ಡಿ ನಾನು ಎಂದು ಕಿಟಕಿಗೆ ಹಣೆ ಒತ್ತಿ ಕೂತಳು, ಮೈಯಲ್ಲಿ ಇರುವೆ ಹರಿದ ಹಾಗೆ ಉಲ್ಲಾಸ. ಅದೇನು ಕ್ಲಾಸು ಎಂದು ಅತ್ತೆ ಕೇಳಿದರು. ಇಂದಿರಾನಗರ ಬರುತ್ತಿತ್ತು. ಮಾತು ಕಲಿಸುವ ಕ್ಲಾಸು ಎಂದಳು. ಮಾತು ನಿನಗೆ ಮೊದಲೇ ಬರುತ್ತಿತ್ತಲ್ಲ ಎಂದರು ಅತ್ತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಹಂಸ ಆ ಮಾತನ್ನು ನಾಲ್ಕು ಕಡೆಯಿಂದ ತಿರುಗಿಸಿ ನೋಡಿದಳು, ತಳ ಸಿಗಲಿಲ್ಲ. ಈಗ ಹೇಳುತ್ತೇನೆ ಎಂದು ಉಸಿರೆಳೆದುಕೊಂಡಳು. ಹಲಸೂರು ಬಂತು, ಇಳಿದರು.

ಹಲಸೂರು ಕೆರೆಯ ಹತ್ತಿರದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿ. ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಮುಂದೆ ಬರಿಯ ನೆಲವೇ ರಂಗ. ಅತ್ತೆ ಎರಡನೇ ಸಾಲಿನಲ್ಲಿ, ಮಡಿಲಲ್ಲಿ ಬ್ಯಾಗಿಟ್ಟುಕೊಂಡು, ಗುಡಿಯಲ್ಲಿ ಕೂತವರ ಹಾಗೆ ಕೂತರು. ಇದು ಕ್ಲಾಸಲ್ಲ ಎಂದು ಅವರಿಗೆ ಈಗ ಗೊತ್ತಾಗಿರಬೇಕು. ಫಹ್ಮಿದಾ ಬಂದವರಿಗೆಲ್ಲ ಮೂರು ಪ್ರಶ್ನೆ ಕಲಿಸಿಕೊಟ್ಟಳು, ಯಾರು ಒಳಗೆ ಬಂದರೂ ನೀವೆಲ್ಲ ಒಟ್ಟಿಗೆ ಕೇಳಬೇಕು ಎಂದಳು. ಸುದರ್ಶನ್ ಅವರು ಇವತ್ತು ಮಂಗಗಳ ಸಂಘದ ಅಧ್ಯಕ್ಷರಾಗಿ ಬಂದು ಗೆದ್ದು ಹೋದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಹಂಸನ ಸರದಿ. ಹೊಟ್ಟೆ ಮುಂದಿಟ್ಟಳು, ಹೊಸ್ತಿಲು ದಾಟಿದಳು, ಕೂದಲು ಬಿಚ್ಚಲು ಕೈಯೆತ್ತಿದಳು. ಕಣ್ಣಿಗೆ ಅತ್ತೆ ಬಿದ್ದರು. ಎತ್ತಿದ ಕೈ ಅಲ್ಲೇ ನಿಂತಿತು. ಹಂಸನ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಪಾತ್ರ, ಬೆಳಗಿನದು. ಅದನ್ನು ಇಲ್ಲಿ ಆಡಿದರೆ ಮೂವತ್ತು ಜನ ನಗುತ್ತಾರೆ, ಬೀಸಣಿಗೆಯಿಂದ ಗಾಳಿ ಹಾಕಿದ ಆ ಕೈಯನ್ನು ನೋಡಿ ನಕ್ಕ ಹಾಗೆ. ಆಡದಿದ್ದರೆ ಮತ್ತೆ ಅದೇ ತಟ್ಟುವ ಬಾಗಿಲು. ಯಾರು ನೀನು ಎಂದು ಕುರ್ಚಿಗಳೆಲ್ಲ ಒಟ್ಟಿಗೆ ಕೇಳಿದವು. ಸಾರಿ ಎಂದಳು ಹಂಸ. ಬಂದೇಬಿಟ್ಟಿತ್ತು, ಹಾಳು ಮಾತು. ಒಂದಿಬ್ಬರು ಕೆಮ್ಮಿದರು. ಫಹ್ಮಿದಾ ಗೋಡೆಗೆ ಒರಗಿ ಉಸಿರು ಹಿಡಿದು ನೋಡುತ್ತಿದ್ದಳು, ಹೋಗಲಿ ಬಿಡಿ ಎನ್ನಲಿಲ್ಲ. ಹೊರಗೆ ಓಡಿಹೋಗಲು ಆರು ಹೆಜ್ಜೆ ಸಾಕಿತ್ತು. ಹಂಸ ಓಡಲಿಲ್ಲ. ಬಾಯಿಗೆ ಮೊದಲು ಬಂದದ್ದನ್ನು ಹೇಳಬೇಕು ಎಂಬುದೊಂದೇ ನೆನಪಿತ್ತು.

"ಅತ್ತೆ, ಬೆಳಗ್ಗೆ ಯಾರೂ ಬಂದಿರ್ಲಿಲ್ಲ," ಎಂದಳು. "ನಾನೇ. ಇಲ್ಲಿಗೆ ಬರೋಕೆ ಅಂತ ನಾನೇ ಹೇಳ್ದೆ."

ಜನಕ್ಕೆ ಇದು ಆಟದ ಶುರು ಅನಿಸಿತು, ಯಾರೋ ಕಿಸಕ್ಕೆಂದರು. ಎರಡನೇ ಸಾಲಿನಲ್ಲಿ ಮುನಿಶಾಮಮ್ಮ ಬ್ಯಾಗನ್ನು ಪಕ್ಕದವರ ಮಡಿಲಿಗೆ ಇಟ್ಟು ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಗಳ ನಡುವಿಂದ ನಡೆದು ಬಂದು ಸೊಸೆಯ ಎದುರಿಗೆ ನಿಂತರು. ಹೊಡೆಯುತ್ತಾರೆ ಎಂದೇ ಹಂಸ ತಿಳಿದಳು, ಹೊಡೆಯಲಿ ಎಂದೂ ಅಂದುಕೊಂಡಳು.

"ಗೊತ್ತು," ಎಂದರು ಮುನಿಶಾಮಮ್ಮ. "ಮೈಮೇಲೆ ಅಮ್ಮ ಬಂದೋಳು ನೈಟಿ ಎತ್ಕೊಂಡು ಸಂಡಿಗೆ ಸುತ್ತಾಕೊಂಡು ಹೋಗ್ತಾಳೇನೆ? ನಾನಾಗಿದ್ರೆ ಎರಡು ಸಾಲಾದ್ರೂ ತುಳೀತಿದ್ದೆ."

ಕುರ್ಚಿಗಳು ಬಿದ್ದು ಬಿದ್ದು ನಕ್ಕವು. ಆ ನಗುವಿನ ನಡುವೆ ಹಂಸ ಮಾತ್ರ ಆ ಮಾತಿನ ತುದಿಯನ್ನು ಹಿಡಿದು ನಿಂತಿದ್ದಳು. ನಾನಾಗಿದ್ರೆ. ಅತ್ತೆ ಅವಳ ಮುಖ ನೋಡಿಯೇ ಅದನ್ನು ಓದಿಕೊಂಡರು. ದನಿ ತಗ್ಗಿಸಲಿಲ್ಲ, ಇಲ್ಲಿ ಹೇಳಿದ್ದೆಲ್ಲ ಆಟದ ಲೆಕ್ಕಕ್ಕೆ ಹೋಗುತ್ತದೆ ಎಂಬುದು ಆ ಮುದುಕಿಗೆ ಹತ್ತು ನಿಮಿಷದಲ್ಲಿ ತಿಳಿದುಹೋಗಿತ್ತು. ಮೊದಲ ಸಲ, ಹಂಸ ಈ ಮನೆಗೆ ಬರುವ ಎಷ್ಟೋ ವರ್ಷ ಮೊದಲು ಬಂದದ್ದು, ನಿಜ ಎಂದರು. ಆ ಸಲ ಅಮ್ಮ ಬಂದಿದ್ದಳು, ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ. ಗಂಡ ಕೈಮುಗಿದು ನಿಂತದ್ದನ್ನು ಆವತ್ತು ಕಂಡರಂತೆ. ಆಮೇಲೆ ಅಮ್ಮನಿಗೆ ಬೇರೆ ಮನೆಗಳೂ ಇದ್ದವು, ಕಾಯುತ್ತ ಕೂತರೆ ಆಗುತ್ತಿತ್ತೇ? ರಮ್ಯನನ್ನು ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸುತ್ತೇನೆಂದು ಗಂಡ ಅಂದಾಗ ಕೆ.ಆರ್. ಪುರಂನ ಹೈಸ್ಕೂಲಿಗೆ ಬಸ್ಸಲ್ಲಿ ಕಳಿಸು ಎಂದವಳು ಯಾರು? ಬಚ್ಚಲಿಗೆ ಬಾಗಿಲು ಇಡಿಸು ಎಂದವಳು ಯಾರು? ಹೇಳುತ್ತ ಹೇಳುತ್ತ ಮುನಿಶಾಮಮ್ಮ ತಮ್ಮ ಸಣ್ಣ ತುರುಬನ್ನು ಬಿಚ್ಚಿ ನೆರೆತ ಕೂದಲನ್ನು ಹೆಗಲ ಮೇಲೆ ಇಳಿಬಿಟ್ಟರು, ಬೆನ್ನು ನೆಟ್ಟಗಾಯಿತು, ಕಣ್ಣು ಅಗಲವಾಯಿತು. ಅಬ್ಬಾ, ಎಂಥ ನಟಿ. ಫಹ್ಮಿದಾ ಗೋಡೆ ಬಿಟ್ಟು ಮುಂದೆ ಬಂದಿದ್ದಳು. ಹಂಸನ ರೋಮ ರೋಮ ಎದ್ದು ನಿಂತಿತ್ತು. ಇವರನ್ನು ಕೇಳಬೇಕು, ಕೇಳಲೇಬೇಕು, ಕೇಳುವ ರೀತಿ ಅವಳಿಗೆ ಗೊತ್ತಿತ್ತು.

"ಯಾರು ನೀನು?" ಎಂದಳು.

"ಹೊರಮಾವು ಮುನಿಶಾಮಮ್ಮ."

"ಯಾಕೆ ಬಂದೆ?"

"ಬೈಯಪ್ಪನಹಳ್ಳೀಲಿ ನಿಮ್ಮನೆ ಹಿಂದಿನ ಕಿಟಕೀಲಿ ನೋಡ್ದೆ. ಆ ಮಾನಮ್ಮನ ಹಿಂದೆ ಅವಳಂಗೇ ಹೊಟ್ಟೆ ಬಿಟ್ಕೊಂಡು ನಡೀತಿದ್ದೆ ನೀನು. ನಗು ತಡ್ಕೊಳ್ಳೋಕಾಗ್ದೆ ಕಾಫಿ ಸೀರೆ ಮೇಲೆ ಚೆಲ್ಕೊಂಡೆ. ಗುಡೀಲಿ ನಿನ್ನ ಕೇಳ್ದೋಳು ಅಮ್ಮ ಅಲ್ಲ ಕಣೆ. ನಾನು."

ಎಷ್ಟೋ ವರ್ಷದಿಂದ ಹೆಗಲ ಮೇಲೆ ಕೂತಿದ್ದ ಯಾರೋ ಇಳಿದು ಹೋದ ಹಾಗಾಯಿತು. ಗುಡಿಯಿಂದ ಯಾರೂ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಅಡಿಗೆಮನೆಯಿಂದ, ಸಂಡಿಗೆ ಇಡುತ್ತ, ಬಟ್ಟೆ ಮಡಚುತ್ತ, ಈ ಎರಡು ಕಣ್ಣು. ಹಂಸನಿಗೆ ಸಂತೋಷವೂ ಆಯಿತು, ಸಿಟ್ಟೂ ಬಂತು, ಹದಿನಾಲ್ಕು ವರ್ಷ ಒಂದು ಮಾತು ಹೇಳಬಾರದಿತ್ತೇ ಎಂದು. ಆದರೆ ಇನ್ನೊಂದು ಪ್ರಶ್ನೆ ಬಾಕಿ ಇತ್ತು.

"ಏನು ಬೇಕು?"

"ನಗೋಕೆ ಒಬ್ಳು," ಎಂದರು ಅತ್ತೆ. ಆಮೇಲೆ, ಆಟದ ನೇಮ ತಿಳಿದವರ ಹಾಗೆ, ಕಾರಣ ಕೊಡದೆ ಇನ್ನೆರಡು ಸಲ ಕೇಳಿದರು. "ನಗೋಕೆ ಒಬ್ಳು ಬೇಕು. ಆ ಮನೇಲಿ ನಗೋಕೆ ಒಬ್ಳು ಬೇಕು ನಂಗೆ."

ಈ ಸಲ ಯಾರೂ ನಗಲಿಲ್ಲ. ಕೇಳಿ ತಂದುಕೊಂಡವಳು ಮನೆಗೆ ಬಂದ ದಿನದಿಂದ ತುದಿಗಾಲಲ್ಲಿ ನಡೆದಳು, ತಂದುಕೊಂಡವರು ಇವತ್ತು ನಗುತ್ತಾಳೆ, ನಾಳೆ ನಗುತ್ತಾಳೆ ಎಂದು ಕಾದರು. ಹಂಸ ಸಾರಿ ಎನ್ನಲಿಲ್ಲ. ನಾಲಿಗೆಗೆ ಆ ಮಾತು ಬರಲೇ ಇಲ್ಲ. ಸೊಂಟದ ಮೇಲೆ ಕೈಯಿಟ್ಟಳು, ಕೆನ್ನೆಯ ಒಂದು ಬದಿಗೆ ಇಲ್ಲದ ಎಲೆಅಡಿಕೆ ತುಂಬಿಕೊಂಡಳು, ಹೊಟ್ಟೆಯನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಬಿಟ್ಟಳು, ಹುಡುಗನಿಗೆ ಇನ್ನೂ ಒಳ್ಳೇ ಕಡೆಯ ಹೆಣ್ಣು ಸಿಗುತ್ತಿತ್ತು ಎಂಬ ಮಾನಮ್ಮನ ಆ ಕೊಂಕು ಮುಖ ಹೊತ್ತು, ಅತ್ತೆಯ ಸುತ್ತ ನಡೆಯತೊಡಗಿದಳು. ಮುನಿಶಾಮಮ್ಮ ಮೊದಲು ಸೆರಗಿಂದ ಬಾಯಿ ಮುಚ್ಚಿಕೊಂಡರು, ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಸೆರಗು ಬಿಟ್ಟು, ಹಲ್ಲಿಲ್ಲದ ಕಡೆಯೂ ಕಾಣುವ ಹಾಗೆ ಬಾಯಿ ತೆರೆದು, ಮಂಡಿ ಹಿಡಿದುಕೊಂಡು ನಕ್ಕರು. ಸುದರ್ಶನ್ ಬಿಟ್ಟುಹೋಗಿದ್ದ ಪ್ಲಾಸ್ಟಿಕ್ ಕುರ್ಚಿಯೊಂದು ನಡೆಯುವ ದಾರಿಗೆ ಅಡ್ಡ ಇತ್ತು. ಹಂಸ ಅದನ್ನು ಸುತ್ತಿ ಹೋಗಲಿಲ್ಲ, ಹೊಟ್ಟೆಯಿಂದಲೇ ತಳ್ಳಿಕೊಂಡು ನಡೆದಳು.